ಪಾಸ್‌ವರ್ಡ್ ಮರೆತರೆ ಫಾರ್ಮ್ಯಾಟ್ ಮಾಡಿಸಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ನಿಮಗೆ ಒಂದೇ ಒಂದು ವಿಷಯ ಹೇಳಬೇಕು ಅಂತ ಬಂದಿದ್ದೇನೆ. ಹಳೇ ಕಂಪ್ಯೂಟರಿನ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಮರೆತುಹೋಗಿದೆ ಅಂದುಕೊಳ್ಳಿ. ಆಗ ಯಾರು ಏನೇ ಹೇಳಲಿ, ಫಾರ್ಮ್ಯಾಟ್ ಮಾಡಿಸಬೇಡಿ, ಅಂದರೆ ಡಿಸ್ಕನ್ನು ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿಸಬೇಡಿ. ಕೈಯಲ್ಲಿ ಪೆನ್ನು ಇದ್ದವರು ಬರೆದುಕೊಳ್ಳಿ. ಫಾರ್ಮ್ಯಾಟ್ ಮಾಡಿಸಬೇಡಿ.

ತುಮಕೂರಿನ ಮಂಡಿಪೇಟೆಯಲ್ಲಿ ಅಂಗಡಿ ಇಟ್ಟುಕೊಂಡವರು, ಗುಬ್ಬಿ, ಕುಣಿಗಲ್, ಪಾವಗಡದ ಹಳ್ಳಿಗಳಲ್ಲಿ ಹಾಲಿನ ಡೇರಿ ಲೆಕ್ಕ ನೋಡುವವರು, ನುಡಿ ಅನ್ನುವ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿ ತಮ್ಮ ಬರಹವನ್ನೆಲ್ಲ ಜೋಪಾನ ಮಾಡಿರುವ ನಿವೃತ್ತ ಮೇಷ್ಟ್ರುಗಳು, ಇವರೆಲ್ಲ ಈಗ ಕೇಳುತ್ತಿದ್ದೀರಿ ಅಂದುಕೊಂಡೇ ಮಾತಾಡುತ್ತಿದ್ದೇನೆ. ನಿಮ್ಮ ಮೇಜಿನ ಮೇಲಿರುವುದು ವಿಂಡೋಸ್ ಎಕ್ಸ್‌ಪಿ, ಇಲ್ಲದಿದ್ದರೆ ವಿಂಡೋಸ್ 7. ಎಕ್ಸ್‌ಪಿ ಬಂದದ್ದು 2001ರಲ್ಲಿ. 2014ರಲ್ಲಿ ಮೈಕ್ರೋಸಾಫ್ಟ್ ಅದರ ಕೈಬಿಟ್ಟಿತು. ವಿಂಡೋಸ್ 7ರ ಕೈಬಿಟ್ಟಿದ್ದು 2020ರ ಜನವರಿಯಲ್ಲಿ. ಆದರೂ ಎಷ್ಟೋ ಕಡೆ ಇವತ್ತಿಗೂ ಅವುಗಳ ಮೇಲೇ ಲೆಕ್ಕ ನಡೆಯುತ್ತಿದೆ. ನಾನು ಹೇಳುವುದೆಲ್ಲ ಇಂಥ ಹಳೇ ಮೆಷಿನ್‌ಗಳ ಮಾತು. ಈಗಿನ ಹೊಸ ಲ್ಯಾಪ್‌ಟಾಪ್‌ಗಳ ದಾರಿ ಬೇರೆ, ಅದು ಇವತ್ತು ಬೇಡ.

ಪಾಸ್‌ವರ್ಡ್ ಬೇಕಾಗಿರುವುದು ವಿಂಡೋಸ್ ಒಳಗೆ ಹೋಗುವುದಕ್ಕೆ ಮಾತ್ರ. ನಿಮ್ಮ ಲೆಕ್ಕ, ಫೋಟೋ, ಪತ್ರ ಎಲ್ಲ ಹಾರ್ಡ್ ಡಿಸ್ಕಿನಲ್ಲಿ ಹಾಗೇ ಇರುತ್ತವೆ. ಅವಕ್ಕೆ ಏನೂ ಆಗಿರುವುದಿಲ್ಲ. ಪಾಸ್‌ವರ್ಡ್ ಕೂಡ ನೀವು ಬರೆದ ಹಾಗೆ ಎಲ್ಲೂ ಇರುವುದಿಲ್ಲ. ಕಂಪ್ಯೂಟರ್ ಅದರ ಮೇಲೆ ಒಂದು ಲೆಕ್ಕ ಹಾಕಿ, ಬಂದ ಉತ್ತರವನ್ನು ಸ್ಯಾಮ್ ಅನ್ನುವ ಫೈಲಿನಲ್ಲಿ ಇಟ್ಟುಕೊಳ್ಳುತ್ತದೆ. ನೀವು ಟೈಪ್ ಮಾಡಿದಾಗಲೆಲ್ಲ ಅದೇ ಲೆಕ್ಕ ಮತ್ತೆ ಹಾಕಿ ತಾಳೆ ನೋಡುತ್ತದೆ. ಹೊಂದಿದರೆ ಒಳಗೆ ಬಿಡುತ್ತದೆ. ಆ ಉತ್ತರದಿಂದ ಹಿಂದಕ್ಕೆ ಹೋಗಿ ಪಾಸ್‌ವರ್ಡ್ ಕಂಡುಹಿಡಿಯುವುದು ಕಷ್ಟ. ಅದಕ್ಕೇ ಕೆಲಸ ಗೊತ್ತಿದ್ದವರು ಹುಡುಕುತ್ತಾ ಕೂರುವುದಿಲ್ಲ, ಆ ಉತ್ತರವನ್ನೇ ಅಳಿಸಿ ಖಾಲಿ ಮಾಡುತ್ತಾರೆ. ನಿಮ್ಮ ಒಂದು ಫೈಲನ್ನೂ ಮುಟ್ಟದೆ ಮಾಡುವ ಕೆಲಸ ಇದು.

ಹಾಗಿದ್ದರೆ ಎಲ್ಲರೂ ಫಾರ್ಮ್ಯಾಟ್ ಅಂತ ಯಾಕೆ ಹೇಳುತ್ತಾರೆ? ಸುಲಭ, ಅದಕ್ಕೆ. ಸಿಡಿ ಹಾಕಿ ನಾಲ್ಕು ಬಟನ್ ಒತ್ತಿದರೆ ಮುಗಿಯಿತು. ಆದರೆ ಹೊಸ ವಿಂಡೋಸ್ ಹೋಗಿ ಕೂರುವುದು ನಿಮ್ಮ ಹಳೇ ಫೈಲುಗಳು ಇದ್ದ ಜಾಗದ ಮೇಲೇ. ಆಮೇಲೆ ತೆಗೆಸುತ್ತೇವೆ ಅಂದರೆ ಖರ್ಚೂ ಜಾಸ್ತಿ, ಸಿಗುವುದೂ ಅರ್ಧಂಬರ್ಧ. ಇದನ್ನು ನೋಡಿದಾಗ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ.

ತಿಪಟೂರಿನ ಒಂದು ಕೊಬ್ಬರಿ ಮಂಡಿಯ ಯಜಮಾನರು ಒಮ್ಮೆ ನನಗೆ ಫೋನ್ ಮಾಡಿದರು. ಲೆಕ್ಕ ಬರೆಯುತ್ತಿದ್ದ ಹುಡುಗ ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿದ್ದ. ಅವನ ಫೋನ್ ಸ್ವಿಚ್ ಆಫ್. ಯಾವ ರೈತರಿಗೆ ಎಷ್ಟು ಮುಂಗಡ ಹೋಗಿದೆ, ಯಾವ ವ್ಯಾಪಾರಿಯಿಂದ ಎಷ್ಟು ಬಾಕಿ ಬರಬೇಕು, ಎಲ್ಲ ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರಿನಲ್ಲಿ. ಕಂಪ್ಯೂಟರ್ ವಿಂಡೋಸ್ 7ದು. "ಸಾರ್, ರಿಪೇರಿ ಹುಡುಗ ಬಂದಿದ್ದಾನೆ. ಫಾರ್ಮ್ಯಾಟ್ ಬಿಟ್ಟು ಬೇರೆ ದಾರಿ ಇಲ್ಲ ಅಂತಿದ್ದಾನೆ. ಮಾಡಿಸಿಬಿಡ್ಲಾ?" ಅಂದರು. "ಯಜಮಾನ್ರೇ, ಗೋಡೌನ್ ಬೀಗದ ಕೈ ಕಳೆದುಹೋದ್ರೆ ಒಳಗಿರೋ ಕೊಬ್ಬರಿಗೆ ಬೆಂಕಿ ಹಚ್ತೀರಾ? ಆ ಹುಡುಗನಿಗೆ ಕಾಫಿ ಕೊಟ್ಟು ಕಳಿಸಿ. ನಾನು ಬರೋವರೆಗೂ ಯಾರೂ ಮುಟ್ಟಬೇಡಿ" ಅಂದೆ.

ಹೋಗಿ ನೋಡಿದರೆ, ಮೂಟೆಗಳ ಸಂದಿಯಲ್ಲಿ ಒಂದು ಮೇಜು. ಸಿಪಿಯು ಡಬ್ಬದ ತುಂಬ ಧೂಳು, ಫ್ಯಾನಿನ ರೆಕ್ಕೆಗೆ ತೆಂಗಿನ ನಾರು ಸುತ್ತಿಕೊಂಡಿತ್ತು. ಬ್ರಷ್ ತೆಗೆದುಕೊಂಡು ಮೊದಲು ಅದನ್ನು ಬಿಡಿಸಿದೆ. ಆನ್ ಮಾಡಿ, ಬೇಕಂತಲೇ ಒಂದು ತಪ್ಪು ಪಾಸ್‌ವರ್ಡ್ ಕೊಟ್ಟೆ. ಹಾಗೆ ಕೊಟ್ಟರೆ, ಪಾಸ್‌ವರ್ಡ್ ಇಡುವಾಗ ಬರೆದಿಟ್ಟ ಸುಳಿವು ಕೆಳಗೆ ಕಾಣುತ್ತದೆ. ಆ ಹುಡುಗ ಇಂಗ್ಲಿಷ್ ಅಕ್ಷರದಲ್ಲಿ "ಮನೆದೇವರು" ಅಂತ ಬರೆದಿದ್ದ. "ಅವನ ಮನೆದೇವರು ಯಾವುದು?" ಅಂತ ಕೇಳಿದೆ. "ಎಡೆಯೂರು ಸಿದ್ಧಲಿಂಗೇಶ್ವರ ಸಾರ್. ತೇರು ಬಂದ್ರೆ ಸಾಕು, ರಜ ಹಾಕಿ ಹೋಗ್ಬಿಡ್ತಿದ್ದ" ಅಂದರು ಯಜಮಾನರು.

ಈಗ ನೋಡಿ. ಸಿದ್ಧಲಿಂಗೇಶ್ವರ ಅನ್ನುವುದನ್ನು ಇಂಗ್ಲಿಷಿನಲ್ಲಿ ಎಷ್ಟು ಥರ ಬರೆಯಬಹುದು? ಒಂದು ಡಿ, ಎರಡು ಡಿ, ಡಿ ಜೊತೆಗೆ ಎಚ್. ಶ್ವ ಅನ್ನುವುದಕ್ಕೆ ಕೆಲವರು ಡಬ್ಲ್ಯೂ ಹಾಕುತ್ತಾರೆ, ಕೆಲವರು ವಿ. ಕೊನೆಯಲ್ಲಿ ಎ ಒಬ್ಬರು ಹಾಕುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಯಜಮಾನರ ಸೊಸೆ ಬಿಲ್ ಪುಸ್ತಕದ ಹಿಂಭಾಗದಲ್ಲಿ ಎಲ್ಲವನ್ನೂ ಸಾಲಾಗಿ ಬರೆದುಕೊಟ್ಟರು. ಒಂದೊಂದಾಗಿ ಹಾಕುತ್ತಾ, ಆಗದ್ದಕ್ಕೆ ಗೀಟು ಎಳೆಯುತ್ತಾ ಹೋದೆವು. ವಿಂಡೋಸ್ 7ರಲ್ಲಿ ಯಾರಾದರೂ ಬೇರೆ ಸೆಟ್ಟಿಂಗ್ ಮಾಡಿಡದಿದ್ದರೆ ಎಷ್ಟು ಸಲ ತಪ್ಪು ಹಾಕಿದರೂ ಲಾಕ್ ಆಗುವುದಿಲ್ಲ, ಧೈರ್ಯವಾಗಿ ಪ್ರಯತ್ನ ಮಾಡಿ. ಕ್ಯಾಪ್ಸ್ ಲಾಕ್ ಆನ್ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಎಷ್ಟೋ ಮನೆಗಳಲ್ಲಿ ಕೆಟ್ಟಿರುವುದು ಅದೊಂದೇ!

ಅಲ್ಲಿ ಯಾವುದೂ ಹೊಂದಲಿಲ್ಲ. ಸರಿ, ಜೇಬಿನಿಂದ ಪೆನ್ ಡ್ರೈವ್ ತೆಗೆದೆ. ಅದರಲ್ಲಿ ಲಿನಕ್ಸ್ ಇತ್ತು, ವಿಂಡೋಸ್ ಥರವೇ ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆ. ಉಬುಂಟು, ಮಿಂಟ್, ಹಳೇ ಮೆಷಿನ್ನಿಗೆ ಹಗುರವಾದ ಪಪ್ಪಿ, ಹೀಗೆ ಅದರ ಬಗೆಗಳೆಲ್ಲ ಉಚಿತವಾಗಿ ಸಿಗುತ್ತವೆ. ಕಂಪ್ಯೂಟರ್ ಆನ್ ಆಗುವಾಗ ಡೆಲ್, ಲೆನೊವೊ ಆದರೆ ಎಫ್ 12, ಎಚ್‌ಪಿ ಆದರೆ ಎಫ್ 9 ಒತ್ತಿ ಪೆನ್ ಡ್ರೈವ್ ಆರಿಸಿಕೊಳ್ಳಬೇಕು. ಇನ್‌ಸ್ಟಾಲ್ ಅಂತ ಒತ್ತಬಾರದು. ಉಬುಂಟುವಿನಲ್ಲಿ ಟ್ರೈ ಅಂತ ಇರುತ್ತದೆ, ಅದನ್ನು ಒತ್ತಬೇಕು. ವಿಂಡೋಸ್ ಮಲಗಿಯೇ ಇರುತ್ತದೆ, ಲಿನಕ್ಸ್ ಎದ್ದು ಬರುತ್ತದೆ. ಹಾರ್ಡ್ ಡಿಸ್ಕಿನ ಚಿತ್ರದ ಮೇಲೆ ಕ್ಲಿಕ್ ಮಾಡಿದೆ, ಫೋಲ್ಡರ್‌ಗಳೆಲ್ಲ ತೆರೆದುಕೊಂಡವು. "ಅಯ್ಯೋ, ಪಾಸ್‌ವರ್ಡೇ ಕೇಳ್ಲಿಲ್ವಲ್ಲ ಸಾರ್!" ಅಂದರು ಸೊಸೆ. ಕೇಳುವುದಿಲ್ಲ. ಅದು ವಿಂಡೋಸ್‌ನ ಪಾಸ್‌ವರ್ಡ್, ಲಿನಕ್ಸ್‌ಗೆ ಅದರ ಹಂಗಿಲ್ಲ.

ಟ್ಯಾಲಿ ಫೋಲ್ಡರ್, ಅದರೊಳಗೆ ಡೇಟಾ, ಅದರೊಳಗೆ ಬರೀ ಅಂಕಿಗಳ ಹೆಸರಿನ ಫೋಲ್ಡರ್‌ಗಳು. ಯಜಮಾನರಿಗೆ ಗಾಬರಿ. "ಬರೀ ನಂಬರ್ ಇದೆಯಲ್ಲ, ನನ್ನ ಲೆಕ್ಕ ಎಲ್ಲಿ?" ಅದೇ ಲೆಕ್ಕ. ಕಾಪಿ ಮಾಡಿಕೊಂಡು ನನ್ನ ಲ್ಯಾಪ್‌ಟಾಪಿನ ಟ್ಯಾಲಿಯಲ್ಲಿ ತೆರೆದು ತೋರಿಸಿದೆ. ಅವರ ಮಂಡಿಯ ಹೆಸರು ಬಂತು, ಹಿಂದಿನ ವಾರದ ವೋಚರ್ ಬಂತು. ಪರದೆ ಮೇಲೆ ಬೆರಳಿಟ್ಟು ಒಂದೊಂದು ಹೆಸರೂ ಓದಿಕೊಂಡರು. ಆಮೇಲೆ ಇನ್ನೊಂದು ಡಿಸ್ಕಿಗೂ ಒಂದು ಕಾಪಿ ಹಾಕಿದೆ. ಇಷ್ಟೆಲ್ಲ ಆದಮೇಲೆ ಪಾಸ್‌ವರ್ಡಿಗೆ ಕೈ ಹಾಕಿದ್ದು. ಲಿನಕ್ಸ್‌ನಲ್ಲಿ ಓಡುವ ಒಂದು ಉಚಿತ ಸಾಧನ ಇದೆ, ಅದರ ಹೆಸರು ಸಿ ಎಚ್ ಎನ್ ಟಿ ಪಿ ಡಬ್ಲ್ಯೂ. ಅದರಿಂದ ಪಾಸ್‌ವರ್ಡ್ ಖಾಲಿ ಮಾಡಿ, ಪೆನ್ ಡ್ರೈವ್ ಕಿತ್ತು, ಮತ್ತೆ ಆನ್ ಮಾಡಿದೆ. ನೇರ ಒಳಗೆ ಹೋಯಿತು. ಮೊದಲು ಕಾಪಿ, ಆಮೇಲೆ ಪಾಸ್‌ವರ್ಡ್. ದಯವಿಟ್ಟು ಈ ಕ್ರಮ ತಪ್ಪಿಸಬೇಡಿ.

ಈ ಕಥೆಗೇ ಸಮಯ ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಎಕ್ಸ್‌ಪಿ ಇದ್ದವರಿಗೆ ಕೆಲಸ ಇನ್ನೂ ಸುಲಭ. ಆನ್ ಮಾಡಿದ ಕೂಡಲೇ ಎಫ್ 8 ಒತ್ತುತ್ತಾ ಇದ್ದು ಸೇಫ್ ಮೋಡ್‌ಗೆ ಹೋಗಿ. ಅಲ್ಲಿ ಅಡ್ಮಿನಿಸ್ಟ್ರೇಟರ್ ಅನ್ನುವ ಹೆಸರು ಕಾಣುತ್ತದೆ. ಬಹಳ ಜನ ಅದಕ್ಕೆ ಪಾಸ್‌ವರ್ಡೇ ಇಟ್ಟಿರುವುದಿಲ್ಲ. ಸುಮ್ನೆ ಎಂಟರ್ ಒತ್ತಿ ಒಳಗೆ ಹೋಗಿ, ಕಂಟ್ರೋಲ್ ಪ್ಯಾನೆಲ್‌ನಲ್ಲಿ ನಿಮ್ಮ ಪಾಸ್‌ವರ್ಡ್ ಬದಲಾಯಿಸಿ. ವಿಂಡೋಸ್ ಬರುವ ಮೊದಲೇ ಕಪ್ಪು ಪರದೆಯಲ್ಲಿ ಪಾಸ್‌ವರ್ಡ್ ಕೇಳಿದರೆ ಅದು ಬಯಾಸ್‌ನದು, ಅಂದರೆ ವಿಂಡೋಸ್‌ಗಿಂತ ಮೊದಲು ಕಂಪ್ಯೂಟರನ್ನು ಎಬ್ಬಿಸುವ ಸಣ್ಣ ಪ್ರೋಗ್ರಾಮಿನದು. ಹಳೇ ಡೆಸ್ಕ್‌ಟಾಪ್ ಆದರೆ ಕರೆಂಟ್ ವೈರ್ ತೆಗೆದು, ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿಯನ್ನು ಸ್ವಲ್ಪ ಹೊತ್ತು ಹೊರಗಿಟ್ಟರೆ ಸಾಮಾನ್ಯವಾಗಿ ಹೋಗುತ್ತದೆ. ಆಮೇಲೆ ತಾರೀಖು ಸರಿಮಾಡಿಕೊಳ್ಳಿ. ಲ್ಯಾಪ್‌ಟಾಪ್ ಆದರೆ ಬಿಲ್ ತೆಗೆದುಕೊಂಡು ಕಂಪನಿಯ ಸರ್ವಿಸ್ ಸೆಂಟರ್‌ಗೆ ಹೋಗಿ.

ಮೇಷ್ಟ್ರುಗಳೇ, ನಿಮ್ಮ ನುಡಿ ಫೈಲುಗಳ ಜೊತೆಗೆ ವಿಂಡೋಸ್ ಫೋಲ್ಡರಿನ ಒಳಗಿರುವ ಫಾಂಟ್ಸ್ ಕೂಡ ಕಾಪಿ ಮಾಡಿಸಿ. ಇಲ್ಲದಿದ್ದರೆ ಬೇರೆ ಕಂಪ್ಯೂಟರಿನಲ್ಲಿ ಕನ್ನಡ ಹೋಗಿ ಏನೇನೋ ಗುರುತುಗಳು ಕಾಣುತ್ತವೆ. ಫೈಲುಗಳು ಎಕ್ಸ್‌ಪಿಯಲ್ಲಿ ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್ ಒಳಗೆ, 7ರಲ್ಲಿ ಯೂಸರ್ಸ್ ಒಳಗೆ ಇರುತ್ತವೆ.

ಅಂಗಡಿಯವರೇ, ಕೆಲಸದ ಹುಡುಗರಿಗೆ ಸ್ಟ್ಯಾಂಡರ್ಡ್ ಯೂಸರ್ ಅಂತ, ಎಕ್ಸ್‌ಪಿ ಆದರೆ ಲಿಮಿಟೆಡ್ ಅಂತ, ಬೇರೆ ಅಕೌಂಟ್ ಮಾಡಿಕೊಡಿ. ಅಡ್ಮಿನಿಸ್ಟ್ರೇಟರ್ ನಿಮ್ಮ ಹತ್ತಿರವೇ ಇರಲಿ. ವಿಂಡೋಸ್ 7 ಇದ್ದವರು ಇವತ್ತು ಸಂಜೆಯೇ ಕಂಟ್ರೋಲ್ ಪ್ಯಾನೆಲ್, ಯೂಸರ್ ಅಕೌಂಟ್ಸ್‌ಗೆ ಹೋಗಿ ಒಂದು ಪೆನ್ ಡ್ರೈವಿಗೆ ಪಾಸ್‌ವರ್ಡ್ ರೀಸೆಟ್ ಡಿಸ್ಕ್ ಮಾಡಿಕೊಳ್ಳಿ, ಮಾಡಿ ಬೀರುವಿನಲ್ಲಿಡಿ. ಈಗಾಗಲೇ ಸಿಕ್ಕಿಹಾಕಿಕೊಂಡಿರುವವರು ರಿಪೇರಿಯವರ ಹತ್ತಿರ ಹೋದಾಗ "ಮೊದಲು ನನ್ನ ಡೇಟಾ ಕಾಪಿ ಮಾಡಿ ತೋರಿಸಿ" ಅನ್ನಿ. ಆಗಲ್ಲ ಅಂದರೆ ಕಂಪ್ಯೂಟರ್ ಎತ್ತಿಕೊಂಡು ಪಕ್ಕದ ಅಂಗಡಿಗೆ ಹೋಗಿ. ನಮಸ್ಕಾರ.