ಬಸುರಿಯ ಕಟ್ಟಿದ ಮೂಗು

ಕೇಳುಗರೆಲ್ಲರಿಗೂ ನಮಸ್ಕಾರ.

ರಾತ್ರಿ ಎರಡು ಗಂಟೆ. ಮನೆಯವರೆಲ್ಲ ಮಲಗಿದ್ದಾರೆ. ಏಳು ತಿಂಗಳ ಬಸುರಿ ಒಬ್ಬಳು ಮಾತ್ರ ಹಾಲ್‌ನಲ್ಲಿ ಕುರ್ಚಿ ಮೇಲೆ ಕೂತಿದ್ದಾಳೆ. ಬೆನ್ನಿಗೆ ಎರಡು ದಿಂಬು, ಬಾಯಿ ತೆರೆದೇ ಇದೆ. ಮಲಗಿದರೆ ಮೂಗು ಪೂರ್ತಿ ಕಟ್ಟುತ್ತದೆ. ಎದ್ದು ಕೂತರೆ ಒಂದು ಹೊಳ್ಳೆ ಸ್ವಲ್ಪ ಬಿಡುತ್ತದೆ. ಗಂಟಲು ಒಣಗಿ ಒಣಗಿ ನೀರು ಕುಡಿದು, ಕುಡಿದಷ್ಟು ಸಲ ಬಚ್ಚಲಿಗೆ ಓಡಾಟ.

ಆ ಬಸುರಿ ನಾನೇ. ಇಪ್ಪತ್ತು ವರ್ಷದ ಹಿಂದಿನ ಮಾತು. ಆಗಲೇ ಡಾಕ್ಟರ್ ಓದು ಮುಗಿಸಿದ್ದೆ. ಹೆರಿಗೆ ವಾರ್ಡಿನಲ್ಲಿ ಕೆಲಸವನ್ನೂ ಮಾಡುತ್ತಿದ್ದೆ. ಆದರೆ ಯಾರಾದರೂ ಬಸುರಿ ಬಂದು ‘ಮೇಡಂ, ಮೂಗು ಕಟ್ಟುತ್ತೆ’ ಅಂದರೆ ‘ಶೀತ ಇರಬೇಕು ಬಿಡಮ್ಮ’ ಅಂತ ಹೇಳಿ ಕಳಿಸುತ್ತಿದ್ದೆ. ನನಗೇ ಬಂದಾಗ ಗೊತ್ತಾಯಿತು. ಇದಕ್ಕೆ ಶೀತವೇ ಬೇಕಿಲ್ಲ. ಜ್ವರ ಇಲ್ಲ, ಸೀನು ಇಲ್ಲ, ಸಿಂಬಳವೂ ಅಷ್ಟಿಲ್ಲ. ಆದರೂ ಮೂಗು ಕಟ್ಟಿದೆ, ಹಣೆ ಭಾರ, ಕೆನ್ನೆ ಭಾರ. ಒಂದು ವಾರ ಅಲ್ಲ, ಎರಡು ವಾರ ಅಲ್ಲ, ತಿಂಗಳುಗಟ್ಟಲೆ.

ಸುಮಾರು ಐದು ಜನ ಬಸುರಿಯರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಸೋಂಕು, ಅಲರ್ಜಿ ಏನೂ ಇಲ್ಲದೆ ಆರು ವಾರಕ್ಕಿಂತ ಜಾಸ್ತಿ ಮೂಗು ಕಟ್ಟಿಕೊಂಡಿದ್ದು, ಹೆರಿಗೆಯಾದ ಎರಡು ವಾರದೊಳಗೆ ತಾನಾಗಿ ಬಿಟ್ಟುಹೋದರೆ ಅದು ಬಸುರಿನ ಮೂಗೇ. ಕಾರಣ ಏನು? ನಮ್ಮ ಮೂಗಿನೊಳಗೆ ಎರಡೂ ಕಡೆ ಮೂರು ಮೂರು ಮಾಂಸದ ಮಡಿಕೆಗಳಿವೆ. ಅವುಗಳ ತುಂಬ ರಕ್ತನಾಳಗಳು. ಬಸುರಿನಲ್ಲಿ ಮೈಯಲ್ಲಿ ಓಡಾಡುವ ರಕ್ತ ಶೇಕಡಾ 40ರಿಂದ 50ರಷ್ಟು ಹೆಚ್ಚುತ್ತದೆ. ಹಾರ್ಮೋನುಗಳು ರಕ್ತನಾಳಗಳನ್ನು ಸಡಿಲ ಮಾಡುತ್ತವೆ. ಕಾಲು ಊದುವ ಹಾಗೆ ಮೂಗಿನ ಒಳಗೂ ಊತ. ಮಲಗಿದಾಗ ತಲೆ ಕಡೆಗೆ ರಕ್ತ ಜಾಸ್ತಿ ನಿಲ್ಲುತ್ತದೆ, ಅದಕ್ಕೇ ರಾತ್ರಿ ಇದರ ಕಾಟ. ಕೆಲವರಿಗೆ ಮೂಗು ಸೀದಿದಾಗ ಒಂದೆರಡು ಹನಿ ರಕ್ತವೂ ಬರುತ್ತದೆ. ಅದೂ ಇದೇ ಕಾರಣಕ್ಕೆ.

‘ನನಗೆ ಉಸಿರು ಸಾಲದಿದ್ರೆ ಒಳಗಿರೋ ಮಗುಗೆ?’ ಅಂತ ತುಂಬ ಜನ ಕೇಳುತ್ತಾರೆ. ಬಾಯಲ್ಲಿ ಎಳೆದ ಉಸಿರೂ ಉಸಿರೇ. ಮೂಗು ಕಟ್ಟಿದ್ದಕ್ಕೇ ಮಗುವಿಗೆ ಆಕ್ಸಿಜನ್ ಕಡಿಮೆಯಾಗುವುದಿಲ್ಲ. ಆದರೆ ಹೊಸದಾಗಿ ಜೋರು ಗೊರಕೆ ಶುರುವಾಗಿ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತಿದ್ದರೆ ಅದನ್ನು ಡಾಕ್ಟರಿಗೆ ಹೇಳಬೇಕು. ಇದು ಪಕ್ಕದಲ್ಲಿ ಮಲಗಿದವರಿಗೆ ಮಾತ್ರ ಗೊತ್ತಾಗುವ ವಿಷಯ. ಗಂಡಂದಿರು ನಗುವುದು ಬಿಟ್ಟು ಸ್ವಲ್ಪ ಗಮನಿಸಿ.

ಈಗ ನಾನು ಮಾಡಿದ ಎಡವಟ್ಟು ಹೇಳುತ್ತೇನೆ. ಮೆಡಿಕಲ್ ಶಾಪಿನಿಂದ ಮೂಗಿನ ಡ್ರಾಪ್ಸ್ ತಂದೆ. ಎರಡು ಹನಿ ಬಿಟ್ಟೆ. ಐದೇ ನಿಮಿಷ, ಮೂಗು ಬಾಗಿಲು ತೆರೆದ ಹಾಗೆ! ಎಷ್ಟೋ ದಿನದ ಮೇಲೆ ಮಲಗಿ ನಿದ್ದೆ ಮಾಡಿದೆ. ಮರುದಿನ ಮತ್ತೆ ಹಾಕಿದೆ. ವಾರ ಕಳೆಯುವಷ್ಟರಲ್ಲಿ ಎರಡು ಹನಿ ನಾಲ್ಕು ಹನಿ ಆಯಿತು, ರಾತ್ರಿ ಮಾತ್ರ ಹಾಕುತ್ತಿದ್ದದ್ದು ಹಗಲೂ ಬೇಕಾಯಿತು. ಕ್ಸೈಲೋಮೆಟಾಜೋಲಿನ್, ಆಕ್ಸಿಮೆಟಾಜೋಲಿನ್ ಅನ್ನುವ ಈ ಔಷಧಿಗಳು ಊದಿದ ರಕ್ತನಾಳವನ್ನು ಹಿಂಡಿ ಕುಗ್ಗಿಸುತ್ತವೆ. ಪ್ರಭಾವ ಇಳಿದ ಮೇಲೆ ಅದು ಮೊದಲಿಗಿಂತ ಜಾಸ್ತಿ ಊದುತ್ತದೆ. ಮೂರು ದಿನ, ಹೆಚ್ಚೆಂದರೆ ಐದು ದಿನ. ಅದರಾಚೆ ಹೋದರೆ ಡ್ರಾಪ್ಸೇ ಮೂಗು ಕಟ್ಟಿಸುತ್ತದೆ. ತಿಂಗಳುಗಟ್ಟಲೆ ಇರುವ ತೊಂದರೆಗೆ ಐದು ದಿನದ ಔಷಧಿ ಹೇಗೆ ಸಾಕು, ಹೇಳಿ? ಅದರ ಮೇಲೆ, ರಕ್ತನಾಳ ಹಿಂಡುವ ಯಾವ ಔಷಧಿಯನ್ನೇ ಆಗಲಿ ಬಸುರಿನಲ್ಲಿ ಡಾಕ್ಟರನ್ನು ಕೇಳದೆ ಹಾಕಿಕೊಳ್ಳಬಾರದು. ನನಗೆ ಆ ಬಾಟಲಿ ಬಿಡಿಸಿದ್ದು ನಮ್ಮ ವಾರ್ಡಿನ ಹಿರಿಯ ಸಿಸ್ಟರ್. ‘ಉಪ್ಪುನೀರು ಇದೆಯಲ್ಲ ಡಾಕ್ಟ್ರೇ, ಅದು ಬಿಟ್ಟು ಇದ್ಯಾಕೆ?’ ಅಂದರು.

ಆ ಉಪ್ಪುನೀರಿನ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇದರಷ್ಟು ಸುರಕ್ಷಿತವಾದದ್ದು ಬೇರೊಂದಿಲ್ಲ.

ಆಸ್ಪತ್ರೆಯ ಸಲೈನ್ ಬಾಟಲಿಯಲ್ಲಿ ಒಂದು ಲೀಟರಿಗೆ 9 ಗ್ರಾಂ ಉಪ್ಪಿರುತ್ತದೆ. ನಮಗೂ ಅಷ್ಟೇ ಹದ ಬೇಕು. ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚಕ್ಕಿಂತ ಒಂಚೂರು ಕಡಿಮೆ ಉಪ್ಪು. ಚಮಚದ ಮೇಲೆ ಗೋಪುರ ಇರಬಾರದು, ಬೆರಳಲ್ಲಿ ಸವರಿ ಸಮ ಮಾಡಿ. ಉರಿ ಅನ್ನಿಸಿದರೆ ಒಂದು ಚಿಟಿಕೆ ಅಡುಗೆ ಸೋಡಾ ಸೇರಿಸಬಹುದು. ಉಪ್ಪು ಕಡಿಮೆಯಾದರೂ ಮೂಗು ಉರಿಯುತ್ತದೆ, ಜಾಸ್ತಿಯಾದರೂ ಉರಿಯುತ್ತದೆ. ಈಜುವಾಗ ಮೂಗಿಗೆ ಬರೀ ನೀರು ಹೋದರೆ ಉರಿಯುವುದಿಲ್ವಾ, ಹಾಗೆ. ಹದ ಸರಿಯಿದ್ದರೆ ಒಳಗೆ ನೀರು ಹೋದದ್ದೇ ಗೊತ್ತಾಗುವುದಿಲ್ಲ.

ನೀರು ಮಾತ್ರ ಕುದಿಸಿ ಆರಿಸಿದ್ದೇ ಆಗಬೇಕು. ಕುದಿ ಬಂದ ಮೇಲೂ ಕನಿಷ್ಠ ಒಂದು ನಿಮಿಷ ಚೆನ್ನಾಗಿ ಕುದಿಯಲಿ. ನಲ್ಲಿ ನೀರು ಬೇಡ, ಬೋರ್‌ವೆಲ್ ನೀರು ಬೇಡ. ಕೇರಳದಲ್ಲಿ 2024ರಲ್ಲಿ ಮಿದುಳಿಗೆ ಹೋಗುವ ಅಮೀಬಾದಿಂದ ಮಕ್ಕಳು ತೀರಿಕೊಂಡ ಸುದ್ದಿ ಕೇಳಿರುತ್ತೀರಿ. ಆ ಅಮೀಬಾ ಹೊಟ್ಟೆಗೆ ಹೋದರೆ ಏನೂ ಮಾಡುವುದಿಲ್ಲ, ಮೂಗಿನಿಂದ ಹೋದರೆ ಮಾತ್ರ ಅಪಾಯ. ತೀರಾ ಅಪರೂಪದ ಕಾಯಿಲೆ, ಹೆದರಬೇಡಿ. ಆದರೆ ಕುದಿಸಲು ಗ್ಯಾಸ್ ಎಷ್ಟು ಖರ್ಚಾದೀತು?

ಉಗುರು ಬೆಚ್ಚಗಾದ ಮೇಲೆ ನೇತಿ ಪಾತ್ರೆಗೆ, ಅಂದರೆ ಮೂಗು ತೊಳೆಯುವ ಕೊಂಬಿನ ಪುಟ್ಟ ಪಾತ್ರೆಗೆ, ಹಾಕಿ. ಇಲ್ಲದಿದ್ದರೆ ಸೂಜಿ ತೆಗೆದ ಹೊಸ ದೊಡ್ಡ ಸಿರಿಂಜ್ ಆದರೂ ಸಾಕು. ಸಿಂಕಿನ ಮೇಲೆ ಮುಂದಕ್ಕೆ ಬಾಗಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಬಾಯಲ್ಲಿ ಉಸಿರಾಡುತ್ತಾ ಮೇಲಿನ ಹೊಳ್ಳೆಗೆ ನಿಧಾನಕ್ಕೆ ಬಿಡಿ. ಕೆಳಗಿನ ಹೊಳ್ಳೆಯಿಂದ ಸುರಿಯುತ್ತದೆ. ಮೊದಲನೇ ಸಲ ಎಲ್ಲರೂ ಗಾಬರಿಯಾಗಿ ಕೆಮ್ಮುತ್ತಾರೆ. ನಾನಂತೂ ಕನ್ನಡಿಗೆಲ್ಲ ಸಿಡಿಸಿದ್ದೆ. ಮುಗಿದ ಮೇಲೆ ಒಂದೊಂದೇ ಹೊಳ್ಳೆಯನ್ನು ಮೆಲ್ಲಗೆ ಸೀದಿ. ಎರಡನ್ನೂ ಹಿಡಿದು ಜೋರಾಗಿ ಸೀದಿದರೆ ಕಿವಿಗೆ ಏಟು. ಎರಡೂ ಹೊಳ್ಳೆ ಪೂರ್ತಿ ಕಟ್ಟಿದ್ದಾಗ ಬಲವಂತ ಬೇಡ, ಆಗ ನಾಲ್ಕಾರು ಹನಿ ಉಪ್ಪುನೀರು ಬಿಟ್ಟು ಕಾಯಿರಿ. ಇಷ್ಟೆಲ್ಲ ಆಗುವುದಿಲ್ಲ ಅನ್ನುವವರಿಗೆ ಅಂಗಡಿಯಲ್ಲಿ ಸಲೈನ್ ಡ್ರಾಪ್ಸ್, ಸ್ಪ್ರೇ ಸಿಗುತ್ತದೆ. ಬಾಟಲಿಯ ಚೀಟಿಯಲ್ಲಿ ಸೋಡಿಯಂ ಕ್ಲೋರೈಡ್, ಅಂದರೆ ಉಪ್ಪು, ಬಿಟ್ಟು ಬೇರೆ ಔಷಧಿ ಹೆಸರಿದೆಯಾ ನೋಡಿ. ನನ್ನ ಹಳೆಯ ಬಾಟಲಿಯ ಅಣ್ಣತಮ್ಮಂದಿರು ನೋಡಲು ಥೇಟ್ ಹೀಗೇ ಇರುತ್ತಾರೆ.

ಮಲಗುವಾಗ ತಲೆ ಎತ್ತರದಲ್ಲಿರಲಿ. ಬರೀ ತಲೆಗೆ ಮೂರು ದಿಂಬು ಪೇರಿಸಿದರೆ ಕತ್ತು ನೋವು. ಮಂಚದ ತಲೆ ಕಡೆಯ ಕಾಲಿಗೆ ಇಟ್ಟಿಗೆ ಕೊಡಿ, ಇಲ್ಲದಿದ್ದರೆ ಬೆನ್ನಿನಿಂದಲೇ ಇಳಿಜಾರಾಗುವಂತೆ ದಿಂಬು ಜೋಡಿಸಿ. ಏಳನೇ ತಿಂಗಳಾದ ಮೇಲೆ ಅಂಗಾತ ಬೇಡ, ಮಗ್ಗುಲಾಗಿ.

ಹಬೆ ತೊಗೊಳ್ಳಬಹುದಾ? ತೊಗೊಳ್ಳಿ. ಹಾಯಾಗುತ್ತದೆ. ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಬೇಡಿ. ನನ್ನ ಭಯವೆಲ್ಲ ಆ ಪಾತ್ರೆಯದ್ದು. ಕುದಿಯುವ ನೀರಿನ ಪಾತ್ರೆ, ಮೇಲೆ ಕಂಬಳಿ, ಮುಂದೆ ಹೊಟ್ಟೆ. ಏನೂ ಕಾಣುವುದಿಲ್ಲ. ಕೊರೊನಾ ಕಾಲದಲ್ಲಿ ಹೀಗೆ ಪಾತ್ರೆ ಮಗುಚಿ ತೊಡೆ ಸುಟ್ಟುಕೊಂಡು ಬಂದ ಬಸುರಿಯನ್ನು ನೋಡಿದ್ದೇನೆ. ಮಡಿಲಲ್ಲಿ, ಹಾಸಿಗೆ ಮೇಲೆ ಪಾತ್ರೆ ಇಡಬೇಡಿ. ಒಲೆಯಿಂದ ಇಳಿಸಿ ಸ್ವಲ್ಪ ಹೊತ್ತು ಬಿಟ್ಟು, ಗಟ್ಟಿ ಮೇಜಿನ ಮೇಲಿಟ್ಟು, ತೆಳು ಟವೆಲ್ ಹೊದ್ದು ಐದು ನಿಮಿಷ. ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ. ನೀರಿಗೆ ದೊಡ್ಡಪತ್ರೆ ಎಲೆ ಹಾಕಿದರೆ ಹಾಕಿ, ಕರ್ಪೂರ ಬೇಡ. ಬಾಮನ್ನು ಹೊಳ್ಳೆಯೊಳಗೆ ಸವರುವುದೂ ಬೇಡ. ಅದು ತಣ್ಣಗೆ ಅನ್ನಿಸಿ ಮೂಗು ಬಿಟ್ಟಿತು ಅಂತ ನಂಬಿಸುತ್ತದೆ, ಊತ ಇದ್ದಷ್ಟೇ ಇರುತ್ತದೆ.

ಅತ್ತೆಯವರು ಅರಿಶಿನದ ಕೊಂಬು ಸುಟ್ಟು ಹೊಗೆ ಎಳೆಯಲು ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಹೊಗೆ ಯಾವುದಾದರೂ ಊದಿದ ಮೂಗಿಗೆ ಉರಿಯೇ. ಸೊಳ್ಳೆ ಬತ್ತಿ, ಸಾಂಬ್ರಾಣಿ, ಮನೆಯಲ್ಲಿ ಯಾರಾದರೂ ಸೇದುವ ಬೀಡಿ, ಎಲ್ಲಕ್ಕೂ ಇದೇ ಮಾತು. ಅದರ ಬದಲು ಅತ್ತೆಯ ಕೈಯ ಬಿಸಿ ಮೆಣಸಿನ ಸಾರು ಕುಡಿಯಿರಿ, ನನ್ನ ಅಭ್ಯಂತರವಿಲ್ಲ. ಕಷಾಯದಲ್ಲಿ ಜ್ಯೇಷ್ಠಮಧು, ಅಂದರೆ ಅತಿಮಧುರ, ಇದ್ದರೆ ಮಾತ್ರ ಬೇಡ ಅನ್ನಿ. ಅದು ಬಿಪಿ ಏರಿಸುತ್ತದೆ.

ಇನ್ನು ಮೆಡಿಕಲ್ ಶಾಪಿನ ಶೀತದ ಮಾತ್ರೆ. ‘ಒಂದು ಶೀತದ ಮಾತ್ರೆ ಕೊಡಿ’ ಅಂದರೆ ಕೊಡುವುದು ಸಾಮಾನ್ಯವಾಗಿ ಮೂರು ನಾಲ್ಕು ಔಷಧಿಯ ಕಲಬೆರಕೆ. ಜ್ವರಕ್ಕೆ ಪ್ಯಾರಾಸಿಟಮಾಲ್, ನಿದ್ದೆ ಬರಿಸುವ ಅಲರ್ಜಿ ಔಷಧಿ, ಜೊತೆಗೆ ಫಿನೈಲೆಫ್ರಿನ್. ಈ ಫಿನೈಲೆಫ್ರಿನ್ ಕೂಡ ರಕ್ತನಾಳ ಹಿಂಡುವ ಜಾತಿಯದು. ತಮಾಷೆ ಏನೆಂದರೆ, ಬಾಯಿಂದ ನುಂಗಿದರೆ ಅದು ಮೂಗನ್ನು ಬಿಡಿಸುವುದೇ ಇಲ್ಲ ಅಂತ 2023ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆಯ ಸಲಹಾ ಸಮಿತಿಯೇ ಹೇಳಿತು. ಇಂಥದ್ದನ್ನು ಬಸುರಿ ಯಾಕೆ ನುಂಗಬೇಕು? ಅದರಲ್ಲೂ ಮೊದಲ ಮೂರು ತಿಂಗಳು, ಮತ್ತು ಬಿಪಿ ಇದ್ದವರು ಹತ್ತಿರವೂ ಹೋಗಬಾರದು. ನೋವಿಗೆ, ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ ಸಾಕು, ಅದೂ ಡಾಕ್ಟರ್ ಹೇಳಿದಷ್ಟು. ಐಬುಪ್ರೊಫೆನ್ ಬೇಡ. ಐದು ತಿಂಗಳಾದ ಮೇಲಂತೂ ಅದು ಮಗುವಿನ ಕಿಡ್ನಿಗೆ ತೊಂದರೆ ಕೊಡಬಲ್ಲದು.

ಸೀನು ಸಾಲುಸಾಲಾಗಿ ಬರುತ್ತಿದೆ, ಕಣ್ಣು ಮೂಗು ತುರಿಸುತ್ತಿದೆ ಅಂದರೆ ಅಲರ್ಜಿ ಇರಬಹುದು. ನಮ್ಮ ಕಡೆ ಖಾಲಿ ಸೈಟಿನ ತುಂಬ ಬೆಳೆದಿರುವ ಕಾಂಗ್ರೆಸ್ ಗಿಡ ಸಾಕು ಅದಕ್ಕೆ. ಅಲರ್ಜಿಗೆ ಬಸುರಿನಲ್ಲೂ ಕೊಡಬಹುದಾದ ಮಾತ್ರೆಗಳಿವೆ, ಬುಡೆಸೊನೈಡ್‌ನಂಥ ಸ್ಪ್ರೇ ಇದೆ. ಹಿಂದಿನಿಂದ ಇಂಥ ಸ್ಪ್ರೇ ಬಳಸುತ್ತಿದ್ದವರು ಬಸುರಾದೆ ಅಂತ ತಾವಾಗಿ ನಿಲ್ಲಿಸಬೇಡಿ, ಕೇಳಿ ನಿರ್ಧರಿಸಿ.

ನಿಜವಾದ ಸೈನಸ್ ಸೋಂಕು ಬೇರೆ. ಹತ್ತು ದಿನವಾದರೂ ಇಳಿಯದ ನೆಗಡಿ, ಅಥವಾ ಇಳಿದು ಮತ್ತೆ ಜೋರಾಗಿದ್ದು, ಕೆನ್ನೆ, ಮೇಲಿನ ಹಲ್ಲು ನೋವು, ಬಗ್ಗಿದರೆ ಮುಖ ಸಿಡಿಯುವ ಹಾಗೆ, ಗಟ್ಟಿ ಸಿಂಬಳ, ಜ್ವರ. ಇದಕ್ಕೆ ಡಾಕ್ಟರ್ ಬೇಕು. ಅಮಾಕ್ಸಿಸಿಲಿನ್‌ನಂಥ ಆಂಟಿಬಯಾಟಿಕ್ ಬಸುರಿನಲ್ಲಿ ಕೊಡುತ್ತಾರೆ. ಹೋದ ವರ್ಷ ತಂದು ಉಳಿದ ಮಾತ್ರೆ ನುಂಗಬೇಡಿ. ಡಾಕ್ಸಿಸೈಕ್ಲಿನ್‌ನಂಥವು ಮಗುವಿನ ಹಲ್ಲಿಗೆ ಬಣ್ಣ ಹಿಡಿಸುತ್ತವೆ. ಕಣ್ಣಿನ ಸುತ್ತ ಊತ, ಕತ್ತು ಸೆಟೆದುಕೊಳ್ಳುವುದು ಕಂಡರೆ ಅವತ್ತೇ ಆಸ್ಪತ್ರೆ.

ಈಗ ನಾನು ಹೇಳಲೇಬೇಕು ಅಂತ ಬಂದ ಮಾತು. ಒಂದು ಸಂಜೆ ಎಂಟು ತಿಂಗಳ ಬಸುರಿ ಒಬ್ಬಳು ಬಂದಳು. ತಲೆಗೆ ಬಿಗಿಯಾಗಿ ಟವೆಲ್ ಕಟ್ಟಿದ್ದಳು. ಹಣೆಯ ಮೇಲೆ ಬಾಮಿನ ಪದರ, ಕೋಣೆಯೆಲ್ಲ ಅದೇ ವಾಸನೆ. ‘ಏನಮ್ಮ?’ ಅಂದೆ. ‘ಸೈನಸ್ ಮೇಡಂ. ನಾಕು ದಿನದಿಂದ ಹಬೆ ತಗೋತಿದೀನಿ, ತಲೆನೋವು ಬಿಡ್ತಿಲ್ಲ.’ ಮುಖ ಊದಿತ್ತು. ಅದನ್ನೂ ಸೈನಸ್ ಲೆಕ್ಕಕ್ಕೇ ಹಾಕಿದ್ದರು. ನಾನು ಅವಳ ಕೈ ನೋಡಿದೆ. ಉಂಗುರ ಬೆರಳೊಳಗೆ ಹೂತುಹೋಗಿತ್ತು. ‘ಕಣ್ಣು ಮಂಜಾಗುತ್ತಾ?’ ಅಂದರೆ, ‘ಹೂಂ, ನಿದ್ದೆ ಇಲ್ವಲ್ಲ ಮೇಡಂ, ಅದಕ್ಕೆ.’ ಬಿಪಿ ನೋಡಿದರೆ 170ಕ್ಕೆ 110. ತಾಯಿ ಕಾರ್ಡ್ ತೆಗೆದರೆ ಹಿಂದಿನ ತಿಂಗಳು 120ಕ್ಕೆ 80 ಬರೆದಿತ್ತು. ಕೂಡಲೇ ಇಂಜೆಕ್ಷನ್ ಕೊಟ್ಟು ದೊಡ್ಡಾಸ್ಪತ್ರೆಗೆ ಕಳಿಸಿದೆವು. ತಾಯಿ ಮಗು ಇಬ್ಬರೂ ಉಳಿದರು. ಇನ್ನೊಂದು ದಿನ ಹಬೆ ತೊಗೊಳ್ಳುತ್ತ ಕೂತಿದ್ದರೆ ಫಿಟ್ಸ್ ಬರುತ್ತಿತ್ತೇನೋ.

ಅವಳ ಮೂಗೂ ಕಟ್ಟಿತ್ತು. ಅದೇ ತೊಡಕು. ಬಸುರಿನ ಮೂಗೂ ಕಟ್ಟುತ್ತದೆ, ಬಸುರಿನ ಬಿಪಿಯೂ ತಲೆ ನೋಯಿಸುತ್ತದೆ, ಎರಡೂ ಒಟ್ಟಿಗೇ ಬರಬಹುದು. ಐದು ತಿಂಗಳು ದಾಟಿದ ಮೇಲೆ ಬಿಡದ ತಲೆನೋವು, ಕಣ್ಣು ಮಂಜು, ಮುಖ ಕೈ ದಿಢೀರ್ ಊತ, ಪಕ್ಕೆಲುಬಿನ ಕೆಳಗೆ ನೋವು, ಇದರಲ್ಲಿ ಯಾವುದೇ ಒಂದಿದ್ದರೂ ಮೊದಲು ಬಿಪಿ. ಎರಡು ನಿಮಿಷದ ಕೆಲಸ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ನೋಡುತ್ತಾರೆ. 140ಕ್ಕೆ 90 ಅಥವಾ ಅದಕ್ಕಿಂತ ಮೇಲಿದ್ದರೆ ಮನೆಗೆ ವಾಪಸ್ ಹೊರಡಬೇಡಿ, ಡಾಕ್ಟರನ್ನು ನೋಡಿಯೇ ಬನ್ನಿ. ತೀರಾ ತಲೆನೋವು, ಕಣ್ಣು ಮಂಜು ಇದ್ದರೆ 108ಕ್ಕೆ ಫೋನ್ ಮಾಡಿ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಆದರೆ ಇಂಥ ತಲೆನೋವು 9ನೇ ತಾರೀಖಿನವರೆಗೆ ಕಾಯುವಂಥದ್ದಲ್ಲ.

ನನ್ನ ಮೂಗು ಏನಾಯಿತು ಅಂತೀರಾ? ಉಪ್ಪುನೀರು, ಇಟ್ಟಿಗೆ ಕೊಟ್ಟ ಮಂಚ, ಇಷ್ಟರಲ್ಲೇ ಕೊನೆಯ ಎರಡು ತಿಂಗಳು ತಳ್ಳಿದೆ. ಪೂರ್ತಿ ಬಿಡಲಿಲ್ಲ, ಆದರೆ ಕುರ್ಚಿಯಿಂದ ಹಾಸಿಗೆಗೆ ಬಂದೆ. ಹೆರಿಗೆಯಾದ ಆರನೇ ದಿನ ಬೆಳಿಗ್ಗೆ ಅಮ್ಮ ಬಾಣಂತಿ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕುತ್ತಿದ್ದರು. ಕೋಣೆಯಲ್ಲಿ ಮಲಗಿದ್ದ ನಾನು ‘ಅಮ್ಮಾ, ಬೆಳ್ಳುಳ್ಳಿ ಸೀದುಹೋಗ್ತಿದೆ’ ಅಂತ ಕೂಗಿದೆ. ನಾಲ್ಕು ತಿಂಗಳಲ್ಲಿ ನನ್ನ ಮೂಗಿಗೆ ಸಿಕ್ಕ ಮೊದಲ ವಾಸನೆ ಅದು.

ನಮಸ್ಕಾರ.