ಪೂರ್ತಿ ಕೂಡಬಾರದ ಗಾಯ

ಕೇಳುಗರಿಗೆ ನಮಸ್ಕಾರ.

ಅಡಿಕೆ ತೋಟ ಇರುವವರಿಗೆ ಈ ವಿಷಯ ಹೇಳುವುದು ಸುಲಭ. ತೋಟದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಅದಕ್ಕೇ ಬಸಿಗಾಲುವೆ ತೋಡುತ್ತೀರಿ. ಗ್ಲಾಕೋಮಾ ಆಪರೇಷನ್ನಿನಲ್ಲಿ ನಾವು ಕಣ್ಣಿನ ಡಾಕ್ಟರುಗಳು ಮಾಡುವುದೂ ಅದನ್ನೇ. ಕಣ್ಣಿನೊಳಗೆ ಸದಾ ನೀರು ಊರುತ್ತಿರುತ್ತದೆ. ಅದು ಹೊರಗೆ ಹೋಗುವ ದಾರಿ ಕಟ್ಟಿದರೆ ಕಣ್ಣಿನ ಪ್ರೆಶರ್ ಏರುತ್ತದೆ, ದೃಷ್ಟಿಯ ನರ ಸಾಯುತ್ತಾ ಬರುತ್ತದೆ. ಈ ಕಾಯಿಲೆಯೇ ಗ್ಲಾಕೋಮಾ. ಹಾಗಾಗಿ ಮೇಲಿನ ರೆಪ್ಪೆಯ ಅಡಿ, ಬಿಳಿಭಾಗದಲ್ಲಿ, ಪುಟ್ಟ ಕಿಂಡಿ ಮಾಡುತ್ತೇವೆ. ಟ್ರಾಬೆಕ್ಯುಲೆಕ್ಟಮಿ ಅಂತ ಹೆಸರು. 1968ರಿಂದ ನಡೆದುಬಂದ ಪದ್ಧತಿ. ಬಸಿದ ನೀರು ಮೇಲಿನ ತೆಳು ಪದರದಡಿ ಸಣ್ಣ ಗುಳ್ಳೆಯ ಹಾಗೆ ನಿಂತು, ನಿಧಾನಕ್ಕೆ ರಕ್ತ ಸೇರುತ್ತದೆ.

ಕಾಲಿಗೆ ಕತ್ತಿ ತಾಗಿದರೆ ಗಾಯ ಬೇಗ ಕೂಡಲಿ ಅನ್ನುತ್ತೇವೆ. ಇಲ್ಲಿ ಉಲ್ಟಾ. ಈ ಗಾಯ ಪೂರ್ತಿ ಕೂಡಬಾರದು. ದೇಹಕ್ಕೆ ಅದು ಹೇಗೆ ಗೊತ್ತಾಗಬೇಕು? ಅದು ಎಂದಿನ ಹಾಗೆ ಗಟ್ಟಿ ಕಲೆ ಹೆಣೆದು ಕಿಂಡಿ ಮುಚ್ಚಲು ಹೊರಡುತ್ತದೆ. ವರ್ಷಗಟ್ಟಲೆ ಗ್ಲಾಕೋಮಾ ಡ್ರಾಪ್ಸ್ ಹಾಕಿ ಕೆಂಪಾಗಿರುವ ಕಣ್ಣಿನಲ್ಲಿ ಈ ಕಾಟ ಜಾಸ್ತಿ.

ತಡೆಯುವ ಕೆಲಸ ಆಪರೇಷನ್ ಟೇಬಲ್ಲಿನ ಮೇಲೇ ಶುರುವಾಗುತ್ತದೆ. ಮೈಟೋಮೈಸಿನ್ ಎಂಬ ಔಷಧಿಯಲ್ಲಿ ಅದ್ದಿದ ಸ್ಪಂಜಿನ ಚೂರನ್ನು ಆ ಜಾಗದಲ್ಲಿ ಎರಡು ಮೂರು ನಿಮಿಷ ಇಟ್ಟು, ತೆಗೆದು, ಚೆನ್ನಾಗಿ ತೊಳೆಯುತ್ತೇವೆ. ಕ್ಯಾನ್ಸರಿಗೂ ಬಳಸುವ ಔಷಧಿ ಅದು. ಹೆದರಬೇಡಿ, ಇಲ್ಲಿ ಬೇಕಾಗುವುದು ತೀರಾ ಸ್ವಲ್ಪ. ಅಳತೆ ಮೀರಿದರೆ ಗುಳ್ಳೆ ತೆಳುವಾಗಿ ಸೋರುತ್ತದೆ.

ಆಮೇಲಿನದು ನಿಮ್ಮ ಕೈಯಲ್ಲಿ. ಸ್ಟಿರಾಯ್ಡ್ ಡ್ರಾಪ್ಸನ್ನು ಸಾಮಾನ್ಯವಾಗಿ ಮೊದಲು ಒಂದೆರಡು ಗಂಟೆಗೊಮ್ಮೆ ಹಾಕಬೇಕು. ಆಮೇಲೆ ಡಾಕ್ಟರ್ ಹೇಳಿದ ಹಾಗೆ ಇಳಿಸುತ್ತಾ ಎರಡು ಮೂರು ತಿಂಗಳು. ಬೇಸರದ ಕೆಲಸ, ಒಪ್ಪುತ್ತೇನೆ. ತೀರ್ಥಹಳ್ಳಿ ಕಡೆಯ ಹಿರಿಯರೊಬ್ಬರು ಕೊನೆಕೊಯ್ಲಿನ ಗಡಿಬಿಡಿಯಲ್ಲಿ ಮೂರನೇ ವಾರಕ್ಕೇ ನಿಲ್ಲಿಸಿಬಿಟ್ಟಿದ್ದರು. "ಕಣ್ಣು ಕೆಂಪಿಲ್ಲ, ನೋವಿಲ್ಲ, ಸುಮ್ನೆ ಯಾಕೆ ಡಾಕ್ಟ್ರೇ?" ಅಂದರು. ನೋಡಿದರೆ ಗುಳ್ಳೆ ಚಪ್ಪಟೆ, ಪ್ರೆಶರ್ ಮತ್ತೆ ಮೇಲೆ. ಡ್ರಾಪ್ಸ್ ಹಾಕಿ ಕಣ್ಣು ಮರಗಟ್ಟಿಸಿ, ಸಪೂರ ಸೂಜಿಯಿಂದ ಕಲೆಯನ್ನು ಬಿಡಿಸಬೇಕಾಯಿತು. ಅವರದ್ದು ತೆರೆದುಕೊಂಡಿತು. ಎಲ್ಲರದ್ದೂ ತೆರೆಯುವುದಿಲ್ಲ.

ಹಾಗಂತ ಅದೇ ಸ್ಟಿರಾಯ್ಡ್ ಬಾಟಲಿಯನ್ನು ನೀವೇ ಅಂಗಡಿಯಿಂದ ತಂದು ಮುಂದುವರಿಸಬೇಡಿ. ಕೆಲವರಿಗೆ ಅದರಿಂದಲೇ ಪ್ರೆಶರ್ ಏರುತ್ತದೆ. ಮೊದಲ ತಿಂಗಳಲ್ಲಿ ಪದೇ ಪದೇ ಬರಲು ಹೇಳುವುದೂ ಇದಕ್ಕೇ. ಕಲೆ ಇನ್ನೂ ಎಳೆಯದಾಗಿರುವಾಗಲೇ ಸಿಕ್ಕರೆ ಬಿಡಿಸುವುದು ಸುಲಭ. ಕಣ್ಣು ಉಜ್ಜಬೇಡಿ. ನಂದಿಬಟ್ಟಲು ಹೂವಿನ ರಸ ತಂಪು ಅಂತ ಪಕ್ಕದ ಮನೆಯ ಅಜ್ಜಿ ಪ್ರೀತಿಯಿಂದ ತರಬಹುದು. ಹೂವು ದೇವರಿಗೆ ಇಡಿ, ಕಣ್ಣಿಗೆ ಬೇಡ.

ಇನ್ನೊಂದು ಮಾತು. ಆ ಕಣ್ಣು ಎಷ್ಟೇ ವರ್ಷದ ಮೇಲಾದರೂ ಕೆಂಪಾಗಿ, ನೋವಾಗಿ, ಪಿಸುರು ಬಂದು, ನೋಟ ಮಂಜಾದರೆ ಗುಳ್ಳೆಗೆ ಸೋಂಕು ತಗುಲಿರಬಹುದು. ಮಳೆ ಬಿಡಲಿ, ನಾಳೆ ಬಸ್ಸಿಗೆ ಹೋದರಾಯಿತು ಅನ್ನಬೇಡಿ. ಅವತ್ತೇ ಹೊರಡಿ.

ನಮಸ್ಕಾರ.