ಒಂದೇ ಪದ: ಸ್ಪೇನಲ್ಲಿ ಕೆಂಪು, ಪೋರ್ಚುಗಲ್‌ನಲ್ಲಿ ನೇರಳೆ!

[ಪರದೆ ಮೇಲೆ ಎರಡು ಪಟ್ಟಿ: ಎಡಕ್ಕೆ ಕೆಂಪು, ಬಲಕ್ಕೆ ನೇರಳೆ]

ಎಡಗಡೆ ಇರೋದನ್ನ ಸ್ಪೇನಿನವರು 'ರೋಹೊ' ಅಂತಾರೆ. ಬಲಗಡೆಯದನ್ನ ಪಕ್ಕದ ಪೋರ್ಚುಗಲ್‌ನವರು 'ರೋಶು' ಅಂತಾರೆ. ಬಣ್ಣ ಎರಡು, ಆದ್ರೆ ಪದದ ಮೂಲ ಒಂದೇ! ಲ್ಯಾಟಿನ್ನಿನ 'ರುಸ್ಸೆಯುಸ್', ಅಂದ್ರೆ ಕೆಂಪಗಿರೋದು. ಹಾಗಾದ್ರೆ ಪೋರ್ಚುಗಲ್‌ನವರಿಗೆ ಏನಾಯ್ತು?

ಸ್ಪ್ಯಾನಿಷ್, ಫ್ರೆಂಚ್, ಇಟಾಲಿಯನ್ ಎಲ್ಲ ಲ್ಯಾಟಿನ್‌ನಿಂದ ಬಂದವು, ನಿಮಗೆ ಗೊತ್ತಿರೋದೇ. ಲ್ಯಾಟಿನ್‌ನಲ್ಲಿ ನೇರಳೆಗೆ 'ಪುರ್ಪುರ' ಅಂತ ಪದ ಇತ್ತು, ಗ್ರೀಕರಿಂದ ಪಡೆದದ್ದು. ಅದು ನಿಜಕ್ಕೂ ಮೆಡಿಟರೇನಿಯನ್ ಸಮುದ್ರದ ಒಂದು ಬಸವನಹುಳು, ಅದರಿಂದ ತೆಗೆದ ಬಣ್ಣ. 1909ರಲ್ಲಿ ಫ್ರೀಡ್‌ಲೆಂಡರ್ ಅನ್ನೋ ರಸಾಯನಶಾಸ್ತ್ರಜ್ಞ 12,000 ಹುಳುಗಳಿಂದ ತೆಗೆದ ಬಣ್ಣ ಎಷ್ಟು ಗೊತ್ತಾ? 1.4 ಗ್ರಾಂ! ಅಂಥ ಬಣ್ಣ ರಾಜರ ಮೈಮೇಲೆ ಇರುತ್ತೆ, ಸಂತೆಯಲ್ಲಿ ಬದನೆಕಾಯಿ ತೋರಿಸೋವಾಗ ಯಾರ ಬಾಯಲ್ಲೂ ಬರಲ್ಲ. ಜನಕ್ಕೆ ಬೇರೆ ಪದ ಬೇಕಾಯ್ತು ಅನ್ನೋದು ನನ್ನ ಅನಿಸಿಕೆ.

ಸ್ಪೇನಿನವರು ಹಣ್ಣಿನ ಕಡೆ ನೋಡಿದ್ರು. 'ಮೋರ' ಅಂದ್ರೆ ಹಿಪ್ಪುನೇರಳೆ ಹಣ್ಣು, ಅದರಿಂದ 'ಮೊರಾದೊ' ಅಂದ್ರೆ ನೇರಳೆ ಬಣ್ಣ. ನಾವು ಮಾಡಿದ್ದೂ ಅದನ್ನೇ, ಮರ ಬೇರೆ ಅಷ್ಟೇ. ಮರಾಠಿಯವರ 'ಜಾಂಭಳಾ' ಕೂಡ ಅದೇ ನೇರಳೆ ಹಣ್ಣಿಂದ ಬಂದದ್ದು.

ಈಗ ಪೋರ್ಚುಗಲ್. ಇದು ನನಗೆ ತುಂಬಾ ಇಷ್ಟವಾದ ಭಾಗ, ಸ್ವಲ್ಪ ಸಹಿಸ್ಕೊಳ್ಳಿ.

[ನಕ್ಷೆ: ಗೋವಾದಿಂದ ಸೂಯೆಜ್]

ಗೋವಾದಿಂದ ಹೊರಟ ಪೋರ್ಚುಗೀಸ್ ಹಡಗುಗಳು 1541ರಲ್ಲಿ ಸೂಯೆಜ್ ತನಕ ಹೋದವು. ಅದರಲ್ಲಿದ್ದ ಜುವಾಂವ್ ದ ಕಾಸ್ತ್ರು, ಮುಂದೆ ಗೋವಾದ ಗವರ್ನರ್ ಆದವನು, ದಾರಿಯ ವಿವರ ಎಲ್ಲ ಬರೆದಿಟ್ಟ. ಕೆಂಪು ಸಮುದ್ರಕ್ಕೆ ಆಗ ಅವರ ಹೆಸರು 'ಮಾರ್ ರೋಶು'. ಇವತ್ತಿನ ಪೋರ್ಚುಗೀಸ್‌ನಲ್ಲಿ ಓದಿದ್ರೆ ನೇರಳೆ ಸಮುದ್ರ! ಹೆಸರಲ್ಲಿ ಕೆಂಪಿದೆ, ನೀರು ಕೆಂಪಗಿದೆಯಾ ಅಂತ ಕಾಸ್ತ್ರುಗೂ ಅನುಮಾನ. ಕೆಂಪಗೆ ಕಂಡ ಕಡೆ ನೀರು ಮೊಗೆಸಿ ನೋಡಿದ, ತಿಳಿಯಾಗಿತ್ತು. ಮುಳುಗುವವರನ್ನ ಇಳಿಸಿ ತಳದಿಂದ ಕಲ್ಲು ತರಿಸಿದ. ಹವಳ! ಎಲ್ಲರೂ ಬಾಯಿಮಾತು ನಂಬ್ಕೊಂಡಿದ್ದ ಕಾಲದಲ್ಲಿ ಈ ಮನುಷ್ಯ ಪಾತ್ರೆ ಇಳಿಸಿದ ನೋಡಿ, ನನಗೆ ಅದೇ ಖುಷಿ.

ಆಮೇಲೆ ಕೆಂಪಿನ ಜಾಗ ಪೂರ್ತಿ 'ವೆರ್ಮೆಲ್ಯು' ಅನ್ನೋ ಪದದ ಪಾಲಾಯ್ತು. ಅದರ ಮೂಲ ಅರ್ಥ ಚಿಕ್ಕ ಹುಳು, ಕೆಂಪು ಬಣ್ಣ ಕೊಡೋ ಕೀಟ. ಇಲ್ಲೂ ಹುಳುವೇ! ಕೆಂಪಿಂದ ಜರುಗಿದ ರೋಶು ನೇರಳೆಯಲ್ಲಿ ಹೋಗಿ ಕೂತಿತು. ಬ್ರೆಜಿಲ್‌ನ ಕಾಫಿ ಬೆಳೆಯೋ ಕೆಮ್ಮಣ್ಣಿಗೆ ಇವತ್ತೂ 'ತೆರ್ರ ರೋಶ' ಅಂತಾರೆ. ಅದು ಇಟಲಿಯಿಂದ ವಲಸೆ ಬಂದವರ 'ತೆರ್ರ ರೊಸ್ಸ' ಕೆಟ್ಟು ಆದದ್ದು ಅಂತ ಒಂದು ಕತೆ ಇದೆ. ಮನೆಯಲ್ಲೇ ಹಳೇ ಕೆಂಪು ರೋಶು ಇದ್ದಾಗ ಇಟಲಿಯವರು ಯಾಕ್ರೀ ಬೇಕು?

ಟೈಮ್ ಆಯ್ತು, ಉಳಿದವು ಬೇಗ ಬೇಗ. ಫ್ರೆಂಚರ 'ವಿಯೊಲೆ', ಇಟಲಿಯವರ 'ವಿಯೋಲ' ಎರಡೂ ಹೂವಿನ ಹೆಸರು. ಫ್ರೆಂಚರ 'ಪೂರ್ಪ್ರ್' ಈಗ ಕಡುಗೆಂಪಿನ ಕಡೆ ವಾಲಿದೆ. ರೊಮೇನಿಯಾದವರ 'ಮೊವ್' ಫ್ರೆಂಚರ 'ಮೋವ್'ನಿಂದ ತಗೊಂಡದ್ದು, ಅದೂ ಹೂವೇ. 1856ರಲ್ಲಿ ಲಂಡನ್ನಿನ 18 ವರ್ಷದ ಹುಡುಗ ಪರ್ಕಿನ್ ಮಲೇರಿಯಾಗೆ ಔಷಧಿ ಮಾಡಕ್ಕೆ ಹೋಗಿ ಕೃತಕ ಬಣ್ಣ ಮಾಡಿದ್ನಲ್ಲ, ಅದಕ್ಕೂ ಇದೇ ಹೆಸರು.

ಇಟಲಿಯ ನಾಟಕದವರಿಗೆ ಮಾತ್ರ ವಿಯೋಲ ಅಪಶಕುನ. ಈಸ್ಟರ್ ಮುಂಚಿನ ಉಪವಾಸದ ದಿನಗಳಲ್ಲಿ ಪಾದ್ರಿಗಳು ನೇರಳೆ ಉಡೋರು, ಆಗ ನಾಟಕ ಬಂದ್, ಕೂಲಿನೂ ಇಲ್ಲ ಅನ್ನೋದು ಅವರು ಕೊಡೋ ಕಾರಣ. ಫ್ಲೋರೆನ್ಸ್‌ನ ಫಿಯೊರೆಂಟಿನಾ ತಂಡ ಮಾತ್ರ ನೇರಳೆ ಅಂಗೀಲೇ ಫುಟ್‌ಬಾಲ್ ಆಡುತ್ತೆ. ಅಪಶಕುನ ಅವರನ್ನ ಕಾಡಿದೆಯಾ? ಮ್ಯಾಚ್ ನೋಡೋರು ಕಮೆಂಟಲ್ಲಿ ಹೇಳಿ.